ಅಕ್ಕ ಹಾಕಿದ ಪಾಲಿನ ದಾವೆ, ಮೈಸೂರಿನಿಂದ ಬಂದ ಸಮನ್ಸ್: ಮೊದಲು ಮಾಡಬೇಕಾದ್ದೇನು?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮಪ್ಪನಿಗೆ ನಾವು ಮೂವರು ಮಕ್ಕಳು: ಅಕ್ಕ, ನಾನು, ತಮ್ಮ. ಅಕ್ಕನ ಮದುವೆ 1991ರಲ್ಲಿ ಆಯಿತು, ಈಗ ಮೈಸೂರಿನಲ್ಲಿದ್ದಾಳೆ. ತಾತನ ಕಾಲದಿಂದ ಬಂದ 3 ಎಕರೆ 12 ಗುಂಟೆ ಗದ್ದೆ, ಊರಲ್ಲೊಂದು ಹಳೇ ಮನೆ ಇದೆ. ಅಪ್ಪ ಸಂಬಳದ ದುಡ್ಡಲ್ಲಿ ಮೈಸೂರಿನಲ್ಲಿ ತಗೊಂಡ 30×40 ಸೈಟೂ ಇದೆ. 1998ರಲ್ಲಿ ಅಪ್ಪನೇ ಮುಂದೆ ನಿಂತು ಗದ್ದೆಯನ್ನು ನನಗೂ ತಮ್ಮನಿಗೂ ಸಮ ಪಾಲು ಮಾಡಿಕೊಟ್ಟರು, ತಮಗೆ ಅಂತ ಏನೂ ಇಟ್ಟುಕೊಳ್ಳಲಿಲ್ಲ. ಛಾಪಾ ಕಾಗದದಲ್ಲಿ ಬರೆದು ಪಂಚಾಯ್ತಿದಾರರು ರುಜು ಹಾಕಿದರು, ರಿಜಿಸ್ಟರ್ ಮಾಡಿಸಲಿಲ್ಲ. ಖಾತೆ ಆಗಲೇ ಬೇರೆ ಬೇರೆ ಆಗಿದೆ. ಅಪ್ಪ 2001ರಲ್ಲಿ, ಅವ್ವ 2014ರಲ್ಲಿ ತೀರಿಕೊಂಡರು. ತಮ್ಮ 2012ರಲ್ಲಿ 20 ಗುಂಟೆ ಮಾರಿದ. ಈಗ ಅಕ್ಕ ಮೂರನೇ ಒಂದು ಪಾಲು ಕೇಳಿ ದಾವೆ ಹಾಕಿದ್ದಾಳೆ. ಯಾರೂ ಏನೂ ಮಾರಬಾರದು ಅಂತ ಸ್ಟೇ ಕೂಡ ಆಗಿದೆಯಂತೆ. ಅಮೀನ ಬಂದಾಗ ನಾನು ಮನೇಲಿರಲಿಲ್ಲ, ನನ್ನ ಹೆಂಡತಿ ಸಹಿ ಹಾಕಿ ಸಮನ್ಸ್ ತಗೊಂಡಳು. ಹೆಂಗಸರ ಕೈಗೆ ಕೊಟ್ಟರೆ ಅದು ಜಾರಿಯೇ ಅಲ್ಲ ಅಂತಾರೆ ಕೆಲವರು. ಗದ್ದೆ ಪಾಂಡವಪುರದಲ್ಲಿರುವಾಗ ಮೈಸೂರು ಕೋರ್ಟಿಗೆ ಅಧಿಕಾರವಿಲ್ಲ, ಹೋಗಲೇಬೇಡ ಅಂತಾರೆ ಇನ್ನು ಕೆಲವರು. 94ಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿಲ್ಲವಂತೆ. ಕೆಳಗಿನ ಕೋರ್ಟಲ್ಲಿ ಏನಾದರೂ ಆಗಲಿ, ಹೈಕೋರ್ಟಲ್ಲಿ ನೋಡಿಕೊಳ್ಳೋಣ ಅಂತ ತಮ್ಮ ಹೇಳುತ್ತಿದ್ದಾನೆ. ಹಾಜರಾಗದಿದ್ದರೆ ಪೊಲೀಸರು ಬರುತ್ತಾರಾ? ಕಬ್ಬು ಕಡಿಯುವ ಹಾಗಿಲ್ಲವಾ? ವಾಯಿದೆಗೆ ಇನ್ನು ಮೂರು ವಾರವಿದೆ.

ಉತ್ತರ: ನೀವು ಕೇಳಿದ್ದರಲ್ಲಿ ಎರಡು ಚಿಂತೆಗಳು ಬೆರೆತಿವೆ. ಕೋರ್ಟು ಅಂದರೆ ಏನಾಗುತ್ತದೋ ಎಂಬ ಭಯ ಒಂದು, ಗದ್ದೆ ಉಳಿಯುತ್ತದೋ ಇಲ್ಲವೋ ಎಂಬುದು ಇನ್ನೊಂದು. ಮೊದಲನೆಯದನ್ನು ಇವತ್ತೇ ಬಿಡಬಹುದು. ಎರಡನೆಯದಕ್ಕೆ ಮಾತ್ರ ಈ ಮೂರು ವಾರದಲ್ಲಿ ಕೆಲಸವಿದೆ. ನೀವು ಪಟ್ಟಿ ಮಾಡಿದ ಸಲಹೆಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ನಿಮ್ಮ ತಮ್ಮನದು. ಕಾರಣ ಮುಂದೆ ಹೇಳುತ್ತೇನೆ.

ಪೊಲೀಸರು ಬರುವುದಿಲ್ಲ. ನಿಮ್ಮ ಸಮನ್ಸ್‌ನ ಮೇಲ್ಭಾಗದಲ್ಲಿ ಓ.ಎಸ್. ಎಂದು ಬರೆದು ಒಂದು ಸಂಖ್ಯೆ ಮತ್ತು ವರ್ಷ ಇರುತ್ತದೆ. ಓ.ಎಸ್. ಅಂದರೆ ಸಿವಿಲ್ ದಾವೆ. ಸಿ.ಸಿ. ಅಥವಾ ಎಸ್.ಸಿ. ಎಂದಿದ್ದರೆ ಅದು ಕ್ರಿಮಿನಲ್ ಕೇಸು. ತಾಲ್ಲೂಕು ಮಟ್ಟದಲ್ಲಿ ಒಬ್ಬರೇ ನ್ಯಾಯಾಧೀಶರು ಸಿವಿಲ್ ನ್ಯಾಯಾಧೀಶರಾಗಿಯೂ ಕ್ರಿಮಿನಲ್ ಕೇಸು ನೋಡುವ ಮ್ಯಾಜಿಸ್ಟ್ರೇಟ್ (ಜೆ.ಎಂ.ಎಫ್.ಸಿ.) ಆಗಿಯೂ ಕೂರುತ್ತಾರೆ, ಒಂದೇ ಹಾಲ್‌ನಲ್ಲಿ ಜಮೀನಿನ ದಾವೆಯೂ ಹೊಡೆದಾಟದ ಕೇಸೂ ಒಂದರ ಹಿಂದೆ ಒಂದು ಕರೆಯುತ್ತವೆ. ಜನರ ಗೊಂದಲಕ್ಕೆ ಮುಖ್ಯ ಕಾರಣ ಇದೇ. ಸಿವಿಲ್ ದಾವೆಯಲ್ಲಿ ಪ್ರತಿವಾದಿ ಬರದಿದ್ದರೆ ಯಾರೂ ಹಿಡಿದು ತರುವುದಿಲ್ಲ. ನಿಮ್ಮನ್ನು ಬಿಟ್ಟು ಕೇಸು ಮುಂದೆ ಹೋಗುತ್ತದೆ, ಅಷ್ಟೇ. ನಷ್ಟವಿರುವುದು ಆ ‘ಅಷ್ಟೇ’ಯಲ್ಲಿ.

ಸಮನ್ಸ್ ಜಾರಿಯಾಗಿದೆಯೇ?

ಆಗಿದೆ. ಹೆಂಗಸರ ಕೈಗೆ ಕೊಟ್ಟರೆ ನಡೆಯುವುದಿಲ್ಲ ಎಂಬ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5, ನಿಯಮ 15 ಮೊದಲು ಕುಟುಂಬದ ವಯಸ್ಕ ಗಂಡಸರನ್ನು ಮಾತ್ರ ಹೇಳುತ್ತಿತ್ತು. 1976ರ ತಿದ್ದುಪಡಿಯಲ್ಲಿ ಅದನ್ನು ಹೆಣ್ಣಾಗಲಿ ಗಂಡಾಗಲಿ ಎಂದು ಬದಲಿಸಿದರು. ನೀವು ಮನೆಯಲ್ಲಿಲ್ಲದಾಗ ನಿಮ್ಮ ಜೊತೆಯೇ ವಾಸವಿರುವ ವಯಸ್ಕರು ಯಾರು ಪಡೆದರೂ ನಡೆಯುತ್ತದೆ. ಆಳುಕಾಳುಗಳಿಗೆ ಕೊಟ್ಟರೆ ಮಾತ್ರ ನಡೆಯುವುದಿಲ್ಲ.

ಇದೇ ಸಾಲಿಗೆ ಸೇರುವ ಇನ್ನೊಂದು ತಪ್ಪು ನಂಬಿಕೆ, ತೆಗೆದುಕೊಳ್ಳದೆ ವಾಪಸ್ ಕಳಿಸಿಬಿಟ್ಟರೆ ಕೇಸು ನಿಂತುಹೋಗುತ್ತದೆ ಎಂಬುದು. ಅಂಚೆಯಲ್ಲಿ ಬಂದದ್ದನ್ನು ನಿರಾಕರಿಸಿದರೆ ಅಂಚೆಯವರು ಹಾಗೆಂದು ಷರಾ ಬರೆಯುತ್ತಾರೆ, ನ್ಯಾಯಾಲಯ ಅದನ್ನು ಜಾರಿಯಾಗಿದೆ ಎಂದೇ ಘೋಷಿಸುತ್ತದೆ. ಅಮೀನ ತಂದದ್ದನ್ನು ನಿರಾಕರಿಸಿದರೆ ಬಾಗಿಲಿಗೆ ಅಂಟಿಸಿ ವರದಿ ಕೊಡುತ್ತಾರೆ. ಎರಡರಲ್ಲೂ ನಿಮಗೆ ಆಗುವ ನಷ್ಟ ಒಂದೇ: ಸಮನ್ಸ್ ಜೊತೆ ಬರುವ ವಾದಪತ್ರದ ಪ್ರತಿ ಕೈತಪ್ಪುತ್ತದೆ. ಎದುರಾಳಿ ಏನು ಹೇಳಿದ್ದಾರೆ ಎಂದು ಗೊತ್ತಾಗುವುದೇ ಅದರಿಂದ. ನಿಮ್ಮ ಮನೆಯವರು ಸಹಿ ಹಾಕಿ ತೆಗೆದುಕೊಂಡದ್ದು ಒಳ್ಳೆಯದೇ ಆಯಿತು.

ಆ ಕಾಗದಗಳ ಮೇಲೆ, ಬಂದ ತಾರೀಖನ್ನು ಈಗಲೇ ಬರೆದಿಡಿ. ಅಲ್ಲಿಂದ 30 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ವಾದಪತ್ರಕ್ಕೆ ಬರಹದಲ್ಲಿ ನಿಮ್ಮ ಉತ್ತರ, ಸಲ್ಲಿಸಬೇಕು. ಕಾರಣ ಕೊಟ್ಟು ಕೇಳಿದರೆ ನ್ಯಾಯಾಲಯ ಒಟ್ಟು 90 ದಿನದವರೆಗೆ ಕಾಲ ಕೊಡಬಹುದು. ಅದರ ಆಚೆಗೂ ಸಾಮಾನ್ಯ ಸಿವಿಲ್ ದಾವೆಯಲ್ಲಿ ಬಾಗಿಲು ಪೂರ್ತಿ ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಆದರೆ ಆಗ ನ್ಯಾಯಾಧೀಶರ ವಿವೇಚನೆಯ ಮೇಲೆ ನಿಲ್ಲಬೇಕು, ಖರ್ಚನ್ನೂ ಕಟ್ಟಬೇಕಾಗಬಹುದು. ಮೊದಲ ವಾಯಿದೆಗೆ ಯಾರೂ ಹೋಗದಿದ್ದರೆ ನಿಮ್ಮನ್ನು ಎಕ್ಸ್‌ಪಾರ್ಟಿ, ಅಂದರೆ ಗೈರುಹಾಜರಾದ ಪಕ್ಷ, ಎಂದು ಬರೆಯುತ್ತಾರೆ. ಕೇಸು ನಡೆಯುತ್ತಿರುವಾಗಲೇ ತಕ್ಕ ಕಾರಣ ತೋರಿಸಿ ಅದನ್ನು ತೆಗೆಸಬಹುದು. ನಿಮ್ಮ ಗೈರಿನಲ್ಲಿ ಏಕಪಕ್ಷೀಯ ಡಿಕ್ರಿಯೇ (ತೀರ್ಪಿನಂತೆ ಹೊರಡುವ ಕೋರ್ಟಿನ ಆದೇಶ) ಆಗಿಹೋದರೆ, ಅದನ್ನು ರದ್ದು ಮಾಡಿಸುವ ಅರ್ಜಿಗೆ ಇರುವುದು 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗದವರಿಗೆ ಆ 30 ದಿನ ಡಿಕ್ರಿಯ ವಿಷಯ ತಿಳಿದ ದಿನದಿಂದ ಶುರುವಾಗುತ್ತದೆ. ನಿಮ್ಮ ಮನೆಯವರ ಸಹಿ ಇರುವಾಗ ಆ ರಿಯಾಯಿತಿ ನಿಮಗೆ ಸಿಗುವುದಿಲ್ಲ.

ಮೈಸೂರು ಕೋರ್ಟಿಗೆ ಅಧಿಕಾರ ಉಂಟೇ?

ಸ್ಥಿರಾಸ್ತಿಯ ದಾವೆಯನ್ನು ಆಸ್ತಿ ಇರುವ ಜಾಗದ ನ್ಯಾಯಾಲಯದಲ್ಲೇ ಹಾಕಬೇಕು ಎಂಬುದು ನಿಜ. ಆದರೆ ಒಂದೇ ದಾವೆಯ ಆಸ್ತಿಗಳು ಬೇರೆ ಬೇರೆ ಊರುಗಳಲ್ಲಿದ್ದರೆ, ಯಾವುದಾದರೂ ಒಂದು ಆಸ್ತಿ ಇರುವ ಜಾಗದ ನ್ಯಾಯಾಲಯದಲ್ಲಿ ಎಲ್ಲವನ್ನೂ ಸೇರಿಸಿ ಹಾಕಬಹುದು. ಸಂಹಿತೆಯ ಕಲಂ 17 ಹೇಳುವುದು ಇದನ್ನೇ. ನಿಮ್ಮ ಅಪ್ಪನ ಸೈಟು ಮೈಸೂರಿನಲ್ಲಿದೆ, ಅದರ ಬಲದಿಂದ ಪಾಂಡವಪುರದ ಗದ್ದೆಯೂ ಅಲ್ಲಿಗೆ ಬಂದಿದೆ. ಅಕ್ಕ ಮೈಸೂರಿನಲ್ಲಿ ವಾಸವಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸೈಟು ಇಲ್ಲದಿದ್ದರೆ ಅವರು ಪಾಂಡವಪುರಕ್ಕೇ ಬರಬೇಕಿತ್ತು. ಅಧಿಕಾರವಿಲ್ಲ ಎಂದೇ ನಿಮ್ಮ ವಕೀಲರಿಗೆ ಅನ್ನಿಸಿದರೂ ಆ ತಕರಾರನ್ನು ಹಾಜರಾಗಿ, ಆರಂಭದಲ್ಲೇ ಎತ್ತಬೇಕು. ಮನೆಯಲ್ಲಿ ಕೂತು ಎತ್ತಲಾಗುವುದಿಲ್ಲ, ತಡವಾಗಿ ಎತ್ತಿದರೆ ಮೇಲಿನ ಕೋರ್ಟು ಕಿವಿಗೊಡುವುದಿಲ್ಲ.

ಮೈಸೂರಿನಲ್ಲಿ ನ್ಯಾಯಾಲಯಗಳು ಒಂದೇ ಆವರಣದಲ್ಲಿಲ್ಲ. ಚಾಮರಾಜಪುರಂ ಕಡೆಯ ಹಳೇ ಕೋರ್ಟು ಒಂದು, ಜಯನಗರದ ಮಳಲವಾಡಿಯ ಸಂಕೀರ್ಣ ಇನ್ನೊಂದು. ಊರಿಂದ ಬಂದವರು ಒಂದರಲ್ಲಿ ಕಾದು ಕೂತು ಇನ್ನೊಂದರಲ್ಲಿ ಕೇಸು ಕರೆದುಹೋಗುವುದುಂಟು. ಸಮನ್ಸ್‌ನಲ್ಲಿ ನ್ಯಾಯಾಲಯದ ಪೂರ್ತಿ ಹೆಸರು ಓದಿಕೊಳ್ಳಿ. ಹಿರಿಯ ಸಿವಿಲ್ ನ್ಯಾಯಾಧೀಶರೋ, ಸಿವಿಲ್ ನ್ಯಾಯಾಧೀಶರೋ, ಪ್ರಧಾನವೋ, ಎಷ್ಟನೇ ಹೆಚ್ಚುವರಿಯೋ, ಎಲ್ಲವೂ ಮುಖ್ಯ. ಕೇಸಿಗೆ 16 ಅಕ್ಷರ–ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಮೊಬೈಲಿನಲ್ಲಿ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಹಾಕಿಕೊಂಡು ಅದನ್ನು ತುಂಬಿದರೆ ಯಾವ ನ್ಯಾಯಾಲಯ, ಮುಂದಿನ ವಾಯಿದೆ ಯಾವತ್ತು, ಯಾವ ಹಂತದಲ್ಲಿದೆ, ಏನು ಆದೇಶವಾಗಿದೆ, ಎಲ್ಲ ಕಾಣುತ್ತದೆ. ಇದು ಉಚಿತ. ಕೇಸಿನ ಸ್ಥಿತಿ ನೋಡಿ ಹೇಳುವುದಕ್ಕೆ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ.

‘ಹೈಕೋರ್ಟಲ್ಲಿ ನೋಡಿಕೊಳ್ಳೋಣ’

ನಮ್ಮ ಕಡೆ ಜಮೀನಿನ ಕೇಸುಗಳಲ್ಲಿ ಜನ ಸೋಲುವುದು ಹೆಚ್ಚಾಗಿ ಈ ಮಾತಿನಿಂದ. ಹೈಕೋರ್ಟು ದೊಡ್ಡದು, ಅಲ್ಲಿ ಎಲ್ಲವನ್ನೂ ಹೊಸದಾಗಿ ಹೇಳಬಹುದು ಎಂದು ತಿಳಿದಿರುತ್ತಾರೆ. ಸಂಗತಿ ಇರುವುದು ತದ್ವಿರುದ್ಧ. ಸಾಕ್ಷಿ ಕಟಕಟೆಯಲ್ಲಿ ನಿಲ್ಲುವುದು, ಪಹಣಿ, ಪಾಲುಪಟ್ಟಿಗಳಿಗೆ ಡಿ-1, ಡಿ-2 ಎಂದು ನಿಶಾನೆ ಬೀಳುವುದು, ಎದುರಿನವರನ್ನು ಪಾಟೀಸವಾಲು ಮಾಡುವುದು, ಎಲ್ಲವೂ ಮೊದಲ ನ್ಯಾಯಾಲಯದಲ್ಲೇ. ಮೇಲ್ಮನವಿ ನ್ಯಾಯಾಲಯ ಆ ಕಡತವನ್ನೇ ತರಿಸಿ ಓದುತ್ತದೆ. ಅಲ್ಲಿ ಹೊಸ ದಾಖಲೆ ಕೊಡಬೇಕೆಂದರೆ, ಎಷ್ಟು ಹುಡುಕಿದರೂ ಆಗ ಸಿಗಲಿಲ್ಲ ಎಂಬಂಥ ಕಾರಣವನ್ನು ಮನದಟ್ಟು ಮಾಡಿಸಬೇಕು. ಆಗ ನಾವು ಹಾಜರಾಗಲಿಲ್ಲ ಎಂಬುದು ಕಾರಣವಾಗುವುದಿಲ್ಲ.

ಎಲ್ಲ ಕೇಸೂ ನೇರ ಬೆಂಗಳೂರಿಗೆ ಹೋಗುವುದೂ ಇಲ್ಲ. ಸಿವಿಲ್ ನ್ಯಾಯಾಧೀಶರ ತೀರ್ಪಿನ ಮೇಲ್ಮನವಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಬರಬಹುದು. ಹಿರಿಯ ಸಿವಿಲ್ ನ್ಯಾಯಾಧೀಶರ ತೀರ್ಪಾದರೆ ಜಿಲ್ಲಾ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಹೋಗಬಹುದು. ಜಿಲ್ಲೆಯೊಳಗಿನ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ ಕಾಲ. ಜಿಲ್ಲೆಯಲ್ಲೇ ಮೊದಲ ಮೇಲ್ಮನವಿ ಮುಗಿದರೆ ಹೈಕೋರ್ಟಿನಲ್ಲಿ ಉಳಿಯುವುದು ಎರಡನೇ ಮೇಲ್ಮನವಿ ಮಾತ್ರ. ಅದನ್ನು ಕಾನೂನಿನ ಮಹತ್ವದ ಪ್ರಶ್ನೆ ಇದ್ದರಷ್ಟೇ ಕೇಳುತ್ತಾರೆ. 1998ರಲ್ಲಿ ಪಾಲಾಯಿತೋ ಇಲ್ಲವೋ ಎಂಬುದು ಸಂಗತಿಯ ಪ್ರಶ್ನೆ. ಅದು ಕೆಳಗೇ ತೀರ್ಮಾನವಾಗಬೇಕು. ಹಾಗಾಗಿ ನಿಮ್ಮ ದುಡ್ಡು, ಓಡಾಟ, ಹುಡುಕಾಟ ಏನಿದ್ದರೂ ಈ ಕೋರ್ಟಿಗೇ ಸುರಿಯಿರಿ.

94ಕ್ಕೆ ಮುಂಚೆ ಮದುವೆಯಾದವರಿಗೆ ಪಾಲಿಲ್ಲವೇ?

ಇದು ಹುಟ್ಟಿದ್ದು ನಮ್ಮ ರಾಜ್ಯದ ಕಾನೂನಿನಿಂದಲೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟ ಅದು, ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಹಳ್ಳಿಗಳಲ್ಲಿ ಇವತ್ತಿಗೂ ಅದೇ ಮಾತು ಓಡಾಡುತ್ತಿದೆ. ಆದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಮಗನಿಗೆ ಸಮನಾಗಿ ಮಾಡಿತು. ಅದರಲ್ಲಿ ಮದುವೆಯ ಮಾತೇ ಇಲ್ಲ. 2005ಕ್ಕೆ ಮುಂಚೆ ಅಪ್ಪ ತೀರಿಕೊಂಡಿದ್ದರೂ ಮಗಳಿಗೆ ಈ ಹಕ್ಕುಂಟು ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದ್ದರಿಂದ 1991ರ ಮದುವೆ ಎಂಬುದೊಂದನ್ನೇ ನಂಬಿ ಕೂರಬೇಡಿ. ಮದುವೆಯಲ್ಲಿ ಒಡವೆ ಹಾಕಿದ್ದೆವು, ಖರ್ಚು ಮಾಡಿದ್ದೆವು ಎಂಬುದು ಹಕ್ಕನ್ನು ಕಳೆಯುವುದಿಲ್ಲ. ಇಷ್ಟು ವರ್ಷ ಸುಮ್ಮನಿದ್ದು ಈಗ ಕೇಳುತ್ತಾರೆ ಎಂಬುದೂ ಅಷ್ಟೇ. ಪಾಲಿನಿಂದ ತಮ್ಮನ್ನು ಹೊರಗಿಟ್ಟಿದ್ದಾರೆ ಎಂದು ಗೊತ್ತಾದ ಮೇಲೆ 12 ವರ್ಷದ ಕಾಲಮಿತಿ ಓಡುತ್ತದೆ, ಬರೀ ಮೌನ ಇದ್ದ ಮಾತ್ರಕ್ಕೆ ಓಡುವುದಿಲ್ಲ.

ಉಳಿದದ್ದು ನಿಮ್ಮ 1998ರ ಪಾಲು. ನಿಮ್ಮ ಇಡೀ ಕೇಸು ನಿಂತಿರುವುದು ಇದರ ಮೇಲೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ವಿಭಾಗಗಳನ್ನು 2005ರ ಕಾನೂನು ಕದಲಿಸುವುದಿಲ್ಲ. ಆದರೆ ಆ ವಿಭಾಗ ರಿಜಿಸ್ಟರ್ ಆದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿರಬೇಕು ಎನ್ನುತ್ತದೆ. ನಿಮ್ಮಲ್ಲಿ ಎರಡೂ ಇಲ್ಲ. ಬಾಯಿಮಾತಿನ ಪಾಲನ್ನು ಅಪರೂಪಕ್ಕೆ ಒಪ್ಪಬಹುದು, ಅದಕ್ಕೆ ಸರ್ಕಾರಿ ದಾಖಲೆಗಳ ಗಟ್ಟಿ ಆಧಾರ ಬೇಕು, ಬಾಯಿ ಸಾಕ್ಷಿಯೊಂದೇ ಸಾಲದು ಎಂದು ವಿನೀತಾ ಶರ್ಮಾ ತೀರ್ಪು ಒಂದು ಸಣ್ಣ ಕಿಂಡಿ ಬಿಟ್ಟಿದೆ. ನೀವು ನುಗ್ಗಬೇಕಾದ್ದು ಆ ಕಿಂಡಿಯಲ್ಲಿ.

ಅದಕ್ಕೆ ಬೇಕಾದ ಕಾಗದಗಳು ಪಾಂಡವಪುರದಲ್ಲೇ ಇವೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ 1998ರ ಮ್ಯುಟೇಷನ್, ಅಂದರೆ ಎಂ.ಆರ್. ನಕಲು ತೆಗೆಸಿ. ಖಾತೆ ಬದಲಾಗಿದ್ದು ಪಾಲಿನ ಆಧಾರದಿಂದ ಎಂದು ಅದರಲ್ಲಿ ಬರೆದಿದ್ದರೆ ನಿಮಗೆ ಬಲ, ಬೇರೇನಾದರೂ ಬರೆದಿದ್ದರೆ ಅದು ನಿಮಗೇ ತಿರುಗುತ್ತದೆ. ಭೂಮಿ ಕಂಪ್ಯೂಟರ್ ಪಹಣಿಗೆ ಮುಂಚಿನ ಕೈಬರಹದ ಪಹಣಿಗಳನ್ನು 1998ರ ಎರಡು ವರ್ಷ ಹಿಂದಿನಿಂದ ತೆಗೆಸಿ, ಒಟ್ಟು ಖಾತೆ ಇದ್ದದ್ದು ಬೇರೆಯಾದದ್ದು ಕಣ್ಣಿಗೆ ಕಾಣಬೇಕು. ಸರ್ವೆಯವರಿಂದ ಪೋಡಿ, ಅಂದರೆ ಅಳತೆ ಮಾಡಿ ಸರ್ವೆ ನಂಬರು ಬೇರೆ ಮಾಡುವುದು, ಆಗಿದ್ದರೆ ಅದರ ನಕ್ಷೆ, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಸರ್ವೆ ದಾಖಲೆ) ತೆಗೆಸಿ. ಇಬ್ಬರೂ ಬೇರೆ ಬೇರೆ ಕಟ್ಟಿದ ಕಂದಾಯ ರಸೀದಿ, ಸಹಕಾರ ಸಂಘದಲ್ಲಿ ಬೇರೆ ಬೇರೆ ತೆಗೆದ ಬೆಳೆಸಾಲದ ಲೆಕ್ಕ, ಕಾರ್ಖಾನೆಗೆ ಬೇರೆ ಬೇರೆ ಹೆಸರಲ್ಲಿ ಕಬ್ಬು ಕೊಟ್ಟ ಚೀಟಿ, ಇವೆಲ್ಲ ಸೇರಿದಾಗ ಒಂದು ಚಿತ್ರ ಕಟ್ಟುತ್ತದೆ. 2004ಕ್ಕೆ ಮುಂಚಿನ ಕಾಗದಕ್ಕೆ ಇಲ್ಲಿ ಬೆಲೆ, ಆಮೇಲಿನದಕ್ಕೆ ಅಷ್ಟಿಲ್ಲ.

ಖಾತೆ ನನ್ನ ಹೆಸರಲ್ಲಿದೆ, ಇನ್ನೇನು ಬೇಕು ಎನ್ನಬೇಡಿ. ಪಹಣಿಯಲ್ಲಿರುವುದು ನಿಜ ಎಂದು ಕಾನೂನು ಊಹಿಸಿಕೊಳ್ಳುತ್ತದೆ, ಸುಳ್ಳೆಂದು ತೋರಿಸುವವರೆಗೆ. ಅದು ಒಡೆತನವನ್ನು ಹುಟ್ಟಿಸುವುದಿಲ್ಲ. ಖಾತೆಯ ತಕರಾರು ತಹಸೀಲ್ದಾರರಿಂದ ಪಾಂಡವಪುರದ ಉಪವಿಭಾಗಾಧಿಕಾರಿಗೆ, ಅಲ್ಲಿಂದ ಮಂಡ್ಯದ ಜಿಲ್ಲಾಧಿಕಾರಿಗೆ ಹೋಗುತ್ತದೆ. ಆ ದಾರಿಯಲ್ಲಿ ಯಾರೂ ಹಕ್ಕನ್ನು ತೀರ್ಮಾನಿಸಲಾರರು. ಅದು ಸಿವಿಲ್ ನ್ಯಾಯಾಲಯದ್ದೇ ಕೆಲಸ, ಸಿವಿಲ್ ಡಿಕ್ರಿ ಬಂದಮೇಲೆ ಖಾತೆ ಅದರಂತೆ ಬದಲಾಗಬೇಕು.

ಛಾಪಾ ಕಾಗದದ ಪಾಲುಪಟ್ಟಿಯ ವಿಷಯದಲ್ಲಿ ಒಂದು ಎಚ್ಚರ. ‘ಈ ದಿನ ಈ ಮೂಲಕ ಪಾಲು ಮಾಡಿಕೊಂಡಿದ್ದೇವೆ’ ಎಂದು ಬರೆದಿದ್ದರೆ ಅದು ರಿಜಿಸ್ಟರ್ ಆಗಲೇಬೇಕಿದ್ದ ಪತ್ರ, ಹಕ್ಕು ಸಾಬೀತು ಮಾಡಲು ಬರುವುದಿಲ್ಲ. ‘ಹಿಂದೆ ಬಾಯಿಮಾತಿನಲ್ಲಿ ಆದ ಪಾಲನ್ನು ನೆನಪಿಗಾಗಿ ಬರೆದಿಟ್ಟಿದ್ದೇವೆ’ ಎಂಬ ರೀತಿಯದಾದರೆ ರಿಜಿಸ್ಟರ್ ಬೇಕಿಲ್ಲ. ಎರಡರ ನಡುವಿನ ವ್ಯತ್ಯಾಸ ಒಂದು ವಾಕ್ಯದ್ದು. ಮೊದಲ ಬಗೆಯದಾದರೂ ಅಂದಿನಿಂದ ಬೇರೆ ಬೇರೆ ಅನುಭವದಲ್ಲಿದ್ದೇವೆ ಎಂದು ತೋರಿಸುವಷ್ಟಕ್ಕೆ ಅದನ್ನು ನೋಡಬಹುದು. ಆದರೆ ಛಾಪಾ ಶುಲ್ಕ ಕಡಿಮೆ ಬಿದ್ದಿದ್ದರೆ, ಆ ಕೊರತೆ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟುವವರೆಗೆ ಯಾವ ಉದ್ದೇಶಕ್ಕೂ ಮುಟ್ಟುವಂತಿಲ್ಲ. ಮೂಲ ಪ್ರತಿಯನ್ನು ವಕೀಲರಿಗೆ ಓದಿಸಿ, ಲೆಕ್ಕ ಹಾಕಿಸಿ, ಆಮೇಲೆ ಹಾಜರುಪಡಿಸಿ. ಹೊಸದಾಗಿ ಒಂದು ಸಾಲು ಸೇರಿಸುವುದು, ಹಳೇ ತಾರೀಖಿನಲ್ಲಿ ಇನ್ನೊಂದು ಪತ್ರ ಬರೆಸುವುದು ಯಾರಾದರೂ ಸೂಚಿಸಿದರೆ ಅವರನ್ನು ಹತ್ತಿರ ಸೇರಿಸಬೇಡಿ. ದಾವೆ ಸೋಲುವುದರ ಜೊತೆಗೆ ಕ್ರಿಮಿನಲ್ ಕೇಸೂ ತಲೆಗೆ ಬರುತ್ತದೆ.

ಲೆಕ್ಕ ಎರಡೂ ಕಡೆ ನೋಡಿ

3 ಎಕರೆ 12 ಗುಂಟೆ ಅಂದರೆ 132 ಗುಂಟೆ. 1998ರ ಪಾಲು ಸಾಬೀತಾದರೆ ನಿಮಗೆ 66, ತಮ್ಮನಿಗೆ 66, ಗದ್ದೆಯಲ್ಲಿ ಅಕ್ಕನಿಗೆ ಏನೂ ಇಲ್ಲ. ಸಾಬೀತಾಗದಿದ್ದರೆ ಮೂವರಿಗೂ 44 ಗುಂಟೆ, ಅಂದರೆ 1 ಎಕರೆ 4 ಗುಂಟೆ. ನಿಮ್ಮಿಂದ 22, ತಮ್ಮನಿಂದ 22 ಹೋಗುತ್ತದೆ. ಆಗ ತಮ್ಮ ಮಾರಿದ 20 ಗುಂಟೆಯನ್ನು ಅವರ 44ರಲ್ಲೇ ಹಾಕಿ ಎಂದು ಕೊಂಡವರೂ ಕೇಳುತ್ತಾರೆ, ನೀವೂ ಕೇಳಬೇಕು. ತಮ್ಮನಿಗೆ ಉಳಿಯುವುದು 24.

ಸೈಟಿನ ಕತೆ ಬೇರೆ. ಅದು ಅಪ್ಪನ ಸ್ವಯಾರ್ಜಿತ. ಉಯಿಲು ಬರೆದಿಲ್ಲವಾದರೆ 1956ರ ಮೂಲ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗಳಿಗೆ ಸಮಪಾಲಿದೆ, 1994 ಆಗಲಿ 2005 ಆಗಲಿ ಇಲ್ಲಿ ಬೇಕೇ ಇಲ್ಲ. 2001ರಲ್ಲಿ ಅವ್ವನಿಗೂ ಮೂವರು ಮಕ್ಕಳಿಗೂ ನಾಲ್ಕನೇ ಒಂದು, 2014ರಲ್ಲಿ ಅವ್ವನ ಪಾಲು ಮೂವರಿಗೂ, ಕೊನೆಗೆ ಮೂರನೇ ಒಂದು. ಇದನ್ನು ಎದುರಿಸಿ ದುಡ್ಡು ಕಳೆಯುವುದರಲ್ಲಿ ಅರ್ಥವಿಲ್ಲ. ಊರಿನ ಮನೆಯೂ ಪಾಲುಪಟ್ಟಿಯಲ್ಲಿ ಇಲ್ಲವಾದರೆ ಪಾಲಿಗೆ ಬರುತ್ತದೆ. ಗಂಡುಮಕ್ಕಳು ಹಂಚಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಾಸದ ಮನೆಯ ವಿಭಾಗ ಕೇಳಬಾರದು ಎಂದಿದ್ದ ಕಲಂ 23ನ್ನು 2005ರಲ್ಲೇ ತೆಗೆದುಹಾಕಿದ್ದಾರೆ.

ಈ ಲೆಕ್ಕದಿಂದ ಇನ್ನೊಂದು ವಿಷಯ ಹೊರಡುತ್ತದೆ. ನೀವೂ ತಮ್ಮನೂ ಒಬ್ಬರೇ ವಕೀಲರನ್ನು ಇಟ್ಟುಕೊಳ್ಳುವುದು ಸುಲಭ, ಖರ್ಚೂ ಕಡಿಮೆ. ಪಾಲು ಆಗಿದೆ ಎನ್ನುವುದರಲ್ಲಿ ಇಬ್ಬರೂ ಒಂದೇ. ಆ 20 ಗುಂಟೆ ಯಾರ ಪಾಲಿಗೆ ಎನ್ನುವಾಗ ಮಾತ್ರ ಎದುರುಬದುರು. ನನ್ನ ಅಭಿಪ್ರಾಯದಲ್ಲಿ ಬೇರೆ ಬೇರೆ ವಕೀಲರು ಇರುವುದೇ ಲೇಸು.

ಸ್ಟೇ ಮತ್ತು ಕಬ್ಬು

ಸಮನ್ಸ್ ಜೊತೆ ಬಂದ ಆದೇಶದ ಪ್ರತಿಯಲ್ಲಿ ಏನು ಮಾಡಬಾರದು ಎಂದಿದೆಯೋ ಅಷ್ಟೇ ನಿಷೇಧ. ಪರಭಾರೆ ಮಾಡಬಾರದು ಎಂದಷ್ಟೇ ಇದ್ದರೆ ಮಾರುವಂತಿಲ್ಲ, ದಾನ ಮಾಡುವಂತಿಲ್ಲ, ಅಡವು ಇಡುವಂತಿಲ್ಲ. ಬೆಳೆ ಬೆಳೆಯುವುದಕ್ಕೆ, ಕಬ್ಬು ಕಡಿದು ಸಾಗಿಸುವುದಕ್ಕೆ ಅಡ್ಡಿಯಿಲ್ಲ. ಯಥಾಸ್ಥಿತಿ ಕಾಪಾಡಬೇಕು ಎಂದಿದ್ದರೆ ವಕೀಲರನ್ನು ಕೇಳಿ, ಅಗತ್ಯ ಬಿದ್ದರೆ ಕಟಾವಿಗೆ ನ್ಯಾಯಾಲಯದ ಅನುಮತಿ ಪಡೆದು ಮುಂದುವರಿಯಿರಿ. ಕಾರ್ಖಾನೆಯ ಬಿಲ್ಲು, ಗೊಬ್ಬರ, ಕೂಲಿಯ ಲೆಕ್ಕ ಇಟ್ಟುಕೊಳ್ಳಿ. ಅಕ್ಕ ಉತ್ಪತ್ತಿಯಲ್ಲೂ ಪಾಲು ಕೇಳಿರಬಹುದು.

ಒಂದು ಕಡೆಯವರನ್ನು ಕೇಳಿ ಕೊಟ್ಟ ತಾತ್ಕಾಲಿಕ ಆದೇಶ ಇದು. ಅದಕ್ಕೆ ನೀವು ಪ್ರತ್ಯೇಕ ತಕರಾರು ಸಲ್ಲಿಸಬೇಕು, ಲಿಖಿತ ಹೇಳಿಕೆಯೇ ಸಾಕು ಎಂದುಕೊಳ್ಳಬೇಡಿ. ಆದೇಶವನ್ನು ಮೀರಿದರೆ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಬಂಧನ ಆಗಬಹುದು. ಸಿವಿಲ್ ಕೇಸಿನಲ್ಲಿ ಸೆರೆಮನೆಯ ಮಾತು ಬರುವ ಕೆಲವೇ ಸಂದರ್ಭಗಳಲ್ಲಿ ಇದೊಂದು. ಸ್ಟೇ ಇಲ್ಲದಿದ್ದರೂ ದಾವೆ ನಡೆಯುವಾಗ ಮಾರಿದರೆ ಕೊಂಡವರು ತೀರ್ಪಿಗೆ ಕಟ್ಟುಬಿದ್ದೇ ಇರುತ್ತಾರೆ.

ವಕೀಲರು, ವಕಾಲತ್ತು, ಲಿಖಿತ ಹೇಳಿಕೆ

ವಕಾಲತ್ತಿಗೆ, ಅಂದರೆ ನಿಮ್ಮ ಪರ ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕುವಾಗ ಓದಿ ಹಾಕಿ, ಖಾಲಿ ಹಾಳೆಗೆ ಸಹಿ ಹಾಕಬೇಡಿ, ಕೊಟ್ಟ ದುಡ್ಡಿಗೆ ರಸೀದಿ ಕೇಳಿ. ವಕಾಲತ್ತು ಹಾಕಿದ ಮೇಲೆ ಪ್ರತಿ ವಾಯಿದೆಗೂ ನೀವು ಮೈಸೂರಿಗೆ ಬಸ್ಸು ಹತ್ತಬೇಕಿಲ್ಲ, ಸಾಕ್ಷಿ ಹೇಳುವ ದಿನ ಮತ್ತು ನ್ಯಾಯಾಲಯ ಬರಹೇಳಿದ ದಿನ ಹೋದರೆ ಸಾಕು. ವಕೀಲರು ಇನ್ನೂ ಗೊತ್ತಾಗಿಲ್ಲವೆಂದರೆ ಮೊದಲ ವಾಯಿದೆಗೆ ಬೆಳಗ್ಗೆ 11ರೊಳಗೆ ನೀವೇ ಹೋಗಿ, ಕೇಸು ಕರೆದಾಗ ಎದ್ದು ನಿಂತು ವಕೀಲರನ್ನು ನೇಮಿಸಲು ಕಾಲಾವಕಾಶ ಕೊಡಿ ಎಂದು ಕೇಳಿ. ಕನ್ನಡದಲ್ಲೇ ಕೇಳಬಹುದು.

ದುಡ್ಡಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ಸಮಿತಿಗಳು ಕೋರ್ಟಿನ ಆವರಣದಲ್ಲೇ ಇವೆ, ಸಹಾಯವಾಣಿ 15100. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿ ಇದೆ. ನಿಮ್ಮ ಅಕ್ಕನಿಗೆ ಸರ್ಕಾರವೇ ವಕೀಲರನ್ನು ಕೊಟ್ಟಿದ್ದರೆ ಅದರಲ್ಲಿ ಪಕ್ಷಪಾತವೇನಿಲ್ಲ.

ಲಿಖಿತ ಹೇಳಿಕೆಯಲ್ಲಿ ಜನ ಮಾಡುವ ದೊಡ್ಡ ತಪ್ಪು, ವಾದಪತ್ರದಲ್ಲಿರುವುದೆಲ್ಲ ಸುಳ್ಳು ಎಂದು ಒಂದೇ ಸಾಲಿನಲ್ಲಿ ಬರೆದುಬಿಡುವುದು. ಪ್ಯಾರಾ ಪ್ಯಾರಾಕ್ಕೂ ಉತ್ತರ ಬೇಕು. ನಿರ್ದಿಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿಕೊಂಡಂತೆ ಎಂದು ತೆಗೆದುಕೊಳ್ಳಲಾಗುತ್ತದೆ. ಅವರು ನಿಮ್ಮ ಅಕ್ಕ ಎಂಬುದನ್ನೇ ಅಲ್ಲಗಳೆಯುವವರೂ ಇದ್ದಾರೆ. ಅದು ಬೇಡ, ನಿಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. 1998ರ ಪಾಲು ಎಂದು, ಎಲ್ಲಿ, ಯಾರ ಎದುರು ಆಯಿತು, ಯಾರಿಗೆ ಯಾವ ಸರ್ವೆ ನಂಬರಿನಲ್ಲಿ ಎಷ್ಟು, ಚಕ್ಕುಬಂದಿ ಏನು, ಎಲ್ಲ ಅಲ್ಲೇ ಬರೆಯಬೇಕು. ಬರೆಯದೇ ಇದ್ದುದನ್ನು ಮುಂದೆ ಸಾಕ್ಷಿಯಲ್ಲಿ ಹೇಳಿದರೆ ಎಣಿಕೆಗೆ ಬರುವುದಿಲ್ಲ. ದಾಖಲೆಗಳನ್ನೂ ಜೊತೆಗೇ ಕೊಡಿ, ಆಮೇಲೆ ಕೊಡಲು ಅನುಮತಿ ಬೇಡಬೇಕಾಗುತ್ತದೆ.

ಡಿಕ್ರಿ ಆದರೂ ಮರುದಿನವೇ ಗದ್ದೆಗೆ ಬಂದು ಅಳೆಯುವುದಿಲ್ಲ. ಪಾಲಿನ ದಾವೆಯಲ್ಲಿ ಮೊದಲು ಯಾರಿಗೆ ಎಷ್ಟು ಎಂದು ಹೇಳುವ ಪ್ರಾಥಮಿಕ ಡಿಕ್ರಿ, ಆಮೇಲೆ ಯಾವ ತುಂಡು ಯಾರಿಗೆ ಎಂದು ಗುರುತಿಸುವ ಅಂತಿಮ ಡಿಕ್ರಿ. ಕಂದಾಯದ ಜಮೀನನ್ನು ಜಿಲ್ಲಾಧಿಕಾರಿಯ ಮೂಲಕ ಕಂದಾಯ ಮತ್ತು ಸರ್ವೆ ಇಲಾಖೆ ಅಳೆದು ಬಿಡಿಸುತ್ತದೆ, ಮನೆ ಮತ್ತು ಸೈಟಿಗೆ ಕೋರ್ಟ್ ಕಮಿಷನರ್ ಬರುತ್ತಾರೆ. ಪ್ರಾಥಮಿಕ ಡಿಕ್ರಿಗೇ ನಿಲ್ಲದೆ ನ್ಯಾಯಾಲಯಗಳು ತಾವಾಗಿಯೇ ಅಂತಿಮ ಹಂತಕ್ಕೆ ಹೋಗಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಳವೆಬಾವಿ ನೀವು ಕೊರೆಸಿದ್ದು, ಮನೆ ನೀವು ರಿಪೇರಿ ಮಾಡಿಸಿದ್ದು ಆದರೆ ಆ ಭಾಗ ನಿಮಗೇ ಬರಲಿ ಎಂದು ಕೇಳುವ ಜಾಗ ಈ ಎರಡನೇ ಹಂತ.

ರಾಜಿ ಮಾಡಿಕೊಳ್ಳುವುದಾದರೆ

ನಿಮ್ಮ ಕಾಗದಗಳ ಬಲ ನೋಡಿದರೆ, ರಾಜಿಗೆ ಇದು ಒಳ್ಳೆಯ ಕೇಸು. ಗದ್ದೆಯಲ್ಲಿ ನಿಮ್ಮ ವಾದಕ್ಕೆ ಸ್ವಲ್ಪ ಜೀವವಿದೆ, ಸೈಟಿನಲ್ಲಿ ಇಲ್ಲವೇ ಇಲ್ಲ. ಅಕ್ಕನಿಗೂ ಹಾಗೇ, ಸೈಟು ಖಾತ್ರಿ, ಗದ್ದೆ ಖಾತ್ರಿಯಿಲ್ಲ. ಅವರು ಮೈಸೂರಿನಲ್ಲಿದ್ದಾರೆ, ನೀವು ಗದ್ದೆ ಮಾಡುವವರು. ಸೈಟು ಅವರಿಗೆ, ಗದ್ದೆ ಮತ್ತು ಊರಿನ ಮನೆ ನಿಮ್ಮಿಬ್ಬರಿಗೆ, ಬೆಲೆಯ ವ್ಯತ್ಯಾಸಕ್ಕೆ ಹಣ ಎಂಬಂತೆ ಮಾತು ಶುರುವಾಗಬಹುದು. ಮೈಸೂರಿನ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿ ಎಂದು ಯಾವ ಹಂತದಲ್ಲಾದರೂ ಕೇಳಬಹುದು. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ, ಕೂಡಿಬರದಿದ್ದರೆ ಕೇಸು ಇದ್ದ ಜಾಗಕ್ಕೇ ವಾಪಸ್. ಲೋಕ ಅದಾಲತ್ತಿನಲ್ಲಿ ಮುಗಿಸಿದರೆ ಕಟ್ಟಿದ ಕೋರ್ಟ್ ಫೀ ಮರಳುತ್ತದೆ. ಆದರೆ ಅಲ್ಲಿ ಆಗುವ ರಾಜಿ ಆದೇಶದ (ಅವಾರ್ಡ್) ಮೇಲೆ ಮೇಲ್ಮನವಿ ಇಲ್ಲ. ಒಪ್ಪುವ ಮುಂಚೆ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ, ಸಹಿ ಹಾಕಿದ ಮೇಲೆ ಯೋಚಿಸಲು ಜಾಗವಿರುವುದಿಲ್ಲ.

ಊರಲ್ಲಿ ಪಂಚಾಯ್ತಿ ಸೇರಿಸಿ ಬಿಳಿ ಹಾಳೆಯಲ್ಲಿ ಬರೆಸಿಕೊಂಡು ಅಕ್ಕನಿಗೆ ದುಡ್ಡು ಕೊಟ್ಟುಬಿಡಬೇಡಿ. ಅದರಿಂದ ದಾವೆ ಮುಗಿಯುವುದಿಲ್ಲ, ಹಕ್ಕು ಬಿಡುಗಡೆ ರಿಜಿಸ್ಟರ್ ಇಲ್ಲದೆ ನಡೆಯುವುದಿಲ್ಲ. ರಾಜಿ ಅರ್ಜಿ ಕೋರ್ಟಿಗೇ ಹೋಗಲಿ. ಅದಕ್ಕೆ 20 ಗುಂಟೆ ಕೊಂಡವರೂ ಸೇರಿ ದಾವೆಯ ಎಲ್ಲ ಪಕ್ಷಗಾರರ ಸಹಿ ಬೀಳಲಿ, ಒಬ್ಬರು ತಪ್ಪಿದರೆ ಅವರು ನಾಳೆ ಎಬ್ಬಿಸುತ್ತಾರೆ. ಪ್ರತಿ ಆಸ್ತಿಗೂ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಯಿರಿ, ತುಂಡು ಮಾಡುವುದಿದ್ದರೆ ಮೊದಲೇ ಸರ್ವೆಯವರಿಂದ 11ಇ ನಕ್ಷೆ ಮಾಡಿಸಿ ಲಗತ್ತಿಸಿ. ‘ಪೂರ್ವದ ಕಡೆಯ ಅರ್ಧ’ ಎಂದು ಬರೆದ ಡಿಕ್ರಿ ಹಿಡಿದುಕೊಂಡು ಹೋದರೆ ಖಾತೆ ಆಗದೆ ನಾಡಕಚೇರಿಗೂ ಕೋರ್ಟಿಗೂ ಅಲೆಯಬೇಕಾಗುತ್ತದೆ. ಡಿಕ್ರಿ ಬರೆಸುವ ಛಾಪಾ ಕಾಗದದ ಖರ್ಚು ಯಾರದು ಎಂಬುದನ್ನೂ ಸೇರಿಸಿ. ಹಣ ಕೊಡುವ ಮಾತಿದ್ದರೆ ಯಾವ ತಾರೀಖಿಗೆ, ಯಾವ ಬ್ಯಾಂಕ್ ಖಾತೆಗೆ, ತಪ್ಪಿದರೆ ಬಡ್ಡಿ ಎಷ್ಟು, ಎಷ್ಟು ದಿನ ಮೀರಿದರೆ ಅಕ್ಕ ಗದ್ದೆಯ ಪಾಲನ್ನೇ ಜಾರಿ ಮಾಡಿಸಿಕೊಳ್ಳಬಹುದು ಎಂಬುದನ್ನು ಸ್ಪಷ್ಟವಾಗಿ ಬರೆಸಿ. ಈ ಕೊನೆಯ ಷರತ್ತು ನಿಮಗೆ ಭಾರವೆನ್ನಿಸಬಹುದು, ಆದರೆ ಅದಿಲ್ಲದೆ ಅಕ್ಕನ ವಕೀಲರು ಒಪ್ಪುವುದು ಕಷ್ಟ.